ನೀಲಿ ರೈನ್‌ಕೋಟಿನ ಕಾಂಪೌಂಡರು

ನೊಣವಿನಕೆರೆಯ ದನದ ಆಸ್ಪತ್ರೆಯ ಕಾಂಪೌಂಡರ್ ತೋಂಟದಾರ್ಯ ಕುಳ್ಳ. ಅದು ಅವನಿಗೂ ಗೊತ್ತಿತ್ತು, ರೈನ್‌ಕೋಟು ಕೊಳ್ಳುವಾಗ ಮಾತ್ರ ಮರೆತುಹೋಯಿತು. ಹಳ್ಳಿಹಳ್ಳಿಗೆ ಸೈಕಲ್ ತುಳಿಯುವ ಕೆಲಸ. ಒಂದು ಕೈಯಲ್ಲಿ ಕೊಡೆ ಹಿಡಿದು ಹೋಗಿ ಬೇಲಿಗೆ ಬಿದ್ದ ಮೇಲೆ, ಟೋಪಿ ಇರುವ ರೈನ್‌ಕೋಟೇ ಸರಿ ಎಂದು ತಿಪಟೂರಿನ ಅಂಗಡಿಗೆ ಹೋದ.

ಅಂಗಡಿಯ ಶಂಭುಲಿಂಗಯ್ಯ ಕೋಟುಗಳನ್ನು ಹರಡಿದರು. ಕರಿಯದು ಪೊಲೀಸಿನವರ ಥರ, ಖಾಕಿಯದು ಪೋಸ್ಟ್‌ಮ್ಯಾನ್ ಥರ ಎಂದು ತೋಂಟದಾರ್ಯ ಎರಡನ್ನೂ ಬದಿಗೆ ಸರಿಸಿ, ನೀಲಿಯದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ. ಯಾರೋ ದೊಡ್ಡ ಡಾಕ್ಟರು ನಿಂತಂತೆ ಕಂಡಿತು.

“ನಿಮ್ಗೆ ದೊಡ್ಡದಾಯ್ತು ಕಣ್ರೀ. ಚಿಕ್ಕ ಸೈಜು ಕರೀದ್ರಲ್ಲಿದೆ,” ಎಂದರು ಶಂಭುಲಿಂಗಯ್ಯ.

“ಸೈಕಲ್ ಮೇಲೆ ಕೂತ್ರೆ ಮೇಲಕ್ಕೆ ಎಳ್ಕೊಳ್ತದೆ. ದಿನಾ ತುಳಿಯೋನು ನಾನು, ನಂಗೊತ್ತಿಲ್ವಾ?”

ಹೇಳಿ ಸುಮ್ಮನಾಗಲಿಲ್ಲ. ಅಂಗಡಿಯ ಮುಂದೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸುಡುಬಿಸಿಲಲ್ಲಿ ಟೋಪಿ ಏರಿಸಿ, ಕೂತಲ್ಲೇ ಪೆಡಲ್ ತುಳಿದು ತೋರಿಸಿದ. ಕೊಬ್ಬರಿ ಹೊರುತ್ತಿದ್ದ ಹಮಾಲರು ಮೂಟೆ ಇಳಿಸಿ ನೋಡಿದರು. ಮೆಚ್ಚಿ ನೋಡುತ್ತಿದ್ದಾರೆಂದೇ ಅವನೆಣಿಸಿದ.

ಉತ್ತರೆ ಮಳೆ ಹಿಡಿಯಿತು. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಪಕ್ಕದ ಹಳ್ಳಿಯ ಚಿಕ್ಕಗೌರಮ್ಮ ಹೇಳಿಕಳಿಸಿದಳು. ಡಾಕ್ಟರು ರಜದಲ್ಲಿದ್ದರು. ತೋಂಟದಾರ್ಯ ನೀಲಿ ಕೋಟು ತೊಟ್ಟು ಹೊರಟ. ಮೈಗೆ ಒಂದು ಹನಿಯೂ ತಾಕಲಿಲ್ಲ. ಬಲಕ್ಕೆ ತಿರುಗುವ ಕಡೆ ಗಾಡಿ ಬರುತ್ತಿದೆಯೇ ಎಂದು ಕತ್ತು ತಿರುಗಿಸಿದ. ಕತ್ತು ತಿರುಗಿತು, ಟೋಪಿ ತಿರುಗಲಿಲ್ಲ. ಕಂಡದ್ದು ಟೋಪಿಯ ಒಳಗಿನ ಹೊಲಿಗೆ. ಅದನ್ನೇ ನೋಡುತ್ತಾ ನೆಟ್ಟಗೆ ಹೋಗಿ, ಸೈಕಲ್ ಸಮೇತ ತೆಂಗಿನ ತೋಟದ ಕಾಲುವೆಗೆ ಇಳಿದ.

ಕೆಸರು ಕೊಡವಿಕೊಂಡು, ಸೈಕಲ್ ತಳ್ಳಿಕೊಂಡು ಚಿಕ್ಕಗೌರಮ್ಮನ ಕೊಟ್ಟಿಗೆ ಸೇರಿದ.

“ಯಾರ್ಲಾ ಅದು?”

“ನಾನು ಕಣಮ್ಮ, ಕಾಂಪೌಂಡ್ರು.”

ಚರಪರ ಸದ್ದು ಮಾಡುತ್ತಾ ಬಂದ ನೀಲಿ ಆಕಾರ ಕಂಡದ್ದೇ ಹಸು ಹಗ್ಗ ಜಗ್ಗಿ ಹಿಂಗಾಲು ಝಾಡಿಸಿತು.

“ಅಯ್ಯೋ, ಅದನ್ನ ಬಿಚ್ಚಿ ಬಿಸಾಕಿ ಸ್ವಾಮಿ! ಹಸ ಹೆದ್ರಿ ಕರುನ ಒಳಕ್ಕೇ ಎಳ್ಕೊಂಡ್ಬುಟ್ಟಾತು!”

ಬಿಚ್ಚಿದ. ಸೋರುವ ಸೂರಿನಡಿ ತೊಯ್ದು ತೊಪ್ಪೆಯಾಗುತ್ತಾ, ಒಳಗೆ ಮಡಚಿಕೊಂಡಿದ್ದ ಕರುವಿನ ಮುಂಗಾಲನ್ನು ತಡಕಿ ನೆಟ್ಟಗೆ ಮಾಡಿದ. ಹಸು ತಿಣುಕಿದಾಗೆಲ್ಲ ಹದವಾಗಿ ಎಳೆದ. ಕೊನೆಗೆ ಒಂದು ಕೆಂದು ಹೆಣ್ಣುಗರು ಜಾರಿ ಅವನ ತೊಡೆಯ ಮೇಲೇ ಬಿತ್ತು.

ಹಸು ಕರುವನ್ನು ನೆಕ್ಕಿ ಮುಗಿಸಿದರೂ ಕರುವಿನ ನಡುಕ ನಿಲ್ಲಲಿಲ್ಲ. ಗೋಣಿಚೀಲಗಳೆಲ್ಲ ಒದ್ದೆ. ಚಿಕ್ಕಗೌರಮ್ಮ ರೈನ್‌ಕೋಟಿನ ಒದ್ದೆಯಾಗದ ಒಳಮೈ ತಿರುವಿ ಕರುವಿಗೆ ಹೊದಿಸಿ, ಟೋಪಿಯನ್ನು ಅದರ ಕಿವಿಗಳ ಮೇಲೆ ಎಳೆದಳು.

“ಅಳತೆ ಕೊಟ್ಟು ಹೊಲಿಸ್ದಂಗದೆ ನೋಡಿ!”

ವಾಪಸು ಕೇಳಲು ತೋಂಟದಾರ್ಯನಿಗೆ ಮನಸ್ಸು ಬರಲಿಲ್ಲ. ನೆನೆದುಕೊಂಡೇ ಮನೆಗೆ ಬಂದ.

“ಕೋಟೆಲ್ರೀ?” ಎಂದಳು ಹೆಂಡತಿ ಗುರುಸಿದ್ದಮ್ಮ.

“ಚಿಕ್ಕಗೌರಮ್ಮನ ಕರು ಹಾಕ್ಕೊಂಡದೆ. ನನಗಿಂತ ಅದಕ್ಕೇ ಚೆನ್ನಾಗೊಪ್ಪಿತು,” ಎಂದು ಅವನೇ ಮೊದಲು ನಕ್ಕ. ನಗುವಿನ ನಡುವೆ ಸೀನು ಬಂತು. ಗುರುಸಿದ್ದಮ್ಮ ಮೆಣಸಿನ ಕಷಾಯಕ್ಕೆ ನೀರಿಡಲು ಒಳಗೆ ಹೋದಳು.