ನಾನು ಬಾಯಿ ಮುಚ್ಚಿಸಿದ ಕೆಂಪು ಸಾಲು

ನವೆಂಬರ್ ಮೊದಲ ವಾರ, ಮಧ್ಯಾಹ್ನ ಮೂರು ಗಂಟೆ. ಕೆನಡಾದ ನಮ್ಮ ಊರಿನಲ್ಲಿ ಸುಪೀರಿಯರ್ ಸರೋವರದ ಅಂಚಿಗೆ ಆ ವರ್ಷದ ಮೊದಲ ಮಂಜುಗಡ್ಡೆ ಕಟ್ಟಿತ್ತು. ರೈನೊ ನನ್ನ ಅಡುಗೆಮನೆಗೆ ಬಂದವನು, ಕೊರಳ ಉಣ್ಣೆಬಟ್ಟೆಯನ್ನೂ ಬಿಚ್ಚದೆ ಕೂತು, ಸ್ಲೇಟಿನ ಮೇಲೆ ಬರೆದ: "ನನ್ನ ಕುರ್ಚಿ ಹೋಗುತ್ತೆ, ಹೆಲ್ಮಿ."

ಗಂಟಲಿನ ಆಪರೇಷನ್ ಆದಮೇಲೆ ಅವನಿಗೆ ದನಿಯೇ ಇರಲಿಲ್ಲ. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ, ಪ್ರತಿ ಗುರುವಾರ ಮಧ್ಯಾಹ್ನ ಫಿನ್‌ಲೆಂಡಿನಿಂದ ಬಂದ ನಮ್ಮವರ ಸಭಾಂಗಣದಲ್ಲಿ ಬಿಂಗೊ ಆಟದ ಸಂಖ್ಯೆ ಕೂಗಿದವನು ಅವನೇ. ಪಂಜರದಿಂದ ಸಂಖ್ಯೆ ಬರೆದ ಚೆಂಡು ತೆಗೆದು ಅವನು ಕೂಗಿದರೆ ಹಿಂದಿನ ಬೆಂಚಿನ ಮಂದಗಣ್ಣಿನವರೂ ತಮ್ಮ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಹೆಂಡತಿ ತೀರಿಹೋದಮೇಲೆ ಅವನಿಗೆ ಈ ಊರಿನಲ್ಲಿ ಉಳಿದದ್ದು ಆ ಕುರ್ಚಿಯೊಂದೇ. ಅದೂ ಇಲ್ಲದಿದ್ದರೆ ದೂರದ ಸಡ್ಬರಿ ಊರಿನ ತಂಗಿಯ ಮನೆಗೆ ಹೋಗುತ್ತೇನೆ ಎಂದು ಬರೆದ.

ನಾನು ಓದಿದ್ದು ಆರನೇ ತರಗತಿ. ನಲವತ್ತು ವರ್ಷ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆದವಳು. ಆ ಚಳಿಗಾಲ ಲೈಬ್ರರಿಯಲ್ಲಿ ಮುದುಕರಿಗೆಂದು ಕಂಪ್ಯೂಟರ್ ಪಾಠ ಹೇಳುತ್ತಿದ್ದರು, ಬೆಚ್ಚಗಿರುತ್ತದೆಂದು ಹೋಗುತ್ತಿದ್ದೆ. ಕಲಿಸುವ ಹುಡುಗಿ ಒಡೆಟ್. ಅಂಕೆ ಒತ್ತಿದರೆ ರೈನೊನ ಬದಲು ಕಂಪ್ಯೂಟರೇ ಕೂಗುವಂತೆ ಮಾಡಬಹುದೇ ಎಂದು ಅವಳನ್ನು ಕೇಳಿದೆ.

"ಪದ ಕೊಟ್ರೆ ಓದಿ ಹೇಳೋ ದನಿ ಕಂಪ್ಯೂಟರಲ್ಲೇ ಇದೆ ಅಜ್ಜಿ," ಅಂದಳು. "ಅಂಕೆನ ಪದ ಮಾಡಿಕೊಡೋ ಕೆಲಸ ಮಾತ್ರ ನಿಮ್ದು."

ಒಂದರಿಂದ ಹತ್ತೊಂಬತ್ತರವರೆಗಿನ ಪದಗಳನ್ನು ಸಾಲಾಗಿ ಬರೆದೆ, ಆಮೇಲೆ ಇಪ್ಪತ್ತು, ಮೂವತ್ತು, ಎಪ್ಪತ್ತರವರೆಗೆ. ಏಳನ್ನು ಒತ್ತಿದರೆ ಪರದೆಯ ಮೇಲೆ ಏನೋ ತಪ್ಪಾಗಿದೆಯೆಂಬ ಕೆಂಪು ಸಾಲು ಬಂತು.

"ನಾನು ಏಳೇ ಒತ್ತಿದ್ದು ಮಗಳೇ, ಬೇಕಾದ್ರೆ ನೋಡು."

"ನಿಮಗೆ ಅದು ಏಳು. ಕಂಪ್ಯೂಟರಿಗೆ ಬರೀ ಒಂದು ಅಕ್ಷರ. ಏಳನೇ ಪದ ಎಣಿಸಿ ತೆಗೀಬೇಕು ಅಂದ್ರೆ ಮೊದಲು ಅಕ್ಷರನ ಸಂಖ್ಯೆಗೆ ಬದಲಾಯಿಸಿ ಕೊಡ್ಬೇಕು."

ಇದೇ ತಪ್ಪನ್ನು ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಅವಳನ್ನೇ ಕರೆದೆ. ಕೊನೆಗೆ ಎಪ್ಪತ್ತೈದರವರೆಗೆ ಎಲ್ಲವನ್ನೂ ಹೇಳತೊಡಗಿತು. ಆ ದಿನ ಮನೆಗೆ ನಡೆದು ಬರುವಾಗ ನನಗೆ ಕಾಲೇ ನೋಯಲಿಲ್ಲ.

ಲೈಬ್ರರಿಯಿಂದ ಎರವಲು ತಂದ ಲ್ಯಾಪ್‌ಟಾಪಿನಲ್ಲಿ ರೈನೊ ನನ್ನ ಅಡುಗೆಮನೆಯಲ್ಲಿ ಒತ್ತಿ ನೋಡಿದ. ಒಂದೆರಡು ಸಲ ಮತ್ತೆ ಕೆಂಪು ಸಾಲು. ನನ್ನದೇ ತಪ್ಪೆಂದುಕೊಂಡೆ. ಐದನೇ ಸಲ ಆ ಹುಡುಗಿಯ ಮುಂದೆ ನಿಲ್ಲಲು ನಾಚಿಕೆಯಾಯಿತು. ತಪ್ಪು ಬಂದರೆ ಸುಮ್ಮನಿದ್ದು ಮುಂದಕ್ಕೆ ಹೋಗು ಎಂದು ಯಂತ್ರಕ್ಕೆ ಹೇಳಿಡಬಹುದೆಂದು ಪಾಠದಲ್ಲಿ ಕೇಳಿದ್ದೆ. ಹಾಗೇ ಮಾಡಿದೆ. ಕೆಂಪು ಸಾಲು ಏನು ಹೇಳುತ್ತಿತ್ತೆಂದು ಓದಲೂ ಇಲ್ಲ. ರೈನೊ ಮತ್ತೆ ನಲವತ್ತೈದು, ಅರವತ್ತೆರಡು ಒತ್ತಿದ, ಹೇಳಿತು. ಅವನು ನನ್ನ ಕೈ ಹಿಡಿದು ಅಲ್ಲಾಡಿಸಿದ.

ಗುರುವಾರ ಸಭಾಂಗಣ ತುಂಬಿತ್ತು. ಬಹುಮಾನಕ್ಕೆ ಒಂದು ಟರ್ಕಿ ಕೋಳಿ. ಮೊದಲ ನಾಲ್ಕು ಸಂಖ್ಯೆ ಸಲೀಸಾಗಿ ಬಂದವು, ಜನ ಚಪ್ಪಾಳೆ ತಟ್ಟಿದರು. ಐದನೆಯದಕ್ಕೆ ಮೌನ. ರೈನೊ ಮತ್ತೆ ಒತ್ತಿದ. ಮೌನ. ಚೆಂಡನ್ನು ಎತ್ತಿ ತೋರಿಸಿದ, ಹಿಂದಿನವರಿಗೆ ಕಾಣಲಿಲ್ಲ. ಆಮೇಲೆ ಎರಡು ಬಂದವು, ಮತ್ತೆ ಮೌನ.

"ಏನಯ್ಯಾ ರೈನೊ, ಗಂಟಲ ಜೊತೆ ಬೆರಳನ್ನೂ ಕುಯ್ದು ಕಳಿಸಿದ್ರಾ?" ಎಂದಳು ಸಭಾಂಗಣದ ಯಜಮಾನಿ ಲೆಂಪಿ. ಜನ ನಕ್ಕರು. "ನಿದ್ದೆ ಮಾಡ್ತಿದಾನೆ ಕಣೇ, ಎಬ್ಬಿಸ್ರೇ!" ಎಂದಿತು ಇನ್ನೊಂದು ದನಿ.

ರೈನೊನ ಕಿವಿ ಕೆಂಪಾಯಿತು. ಒಂದೇ ಸಂಖ್ಯೆಯನ್ನು ನಾಲ್ಕು ಸಲ ಒತ್ತಿದ. ಆಮೇಲೆ ತಿರುಗಿ ನನ್ನ ಕಡೆ ನೋಡಿದ. ನಾನು ಕಾಫಿ ಬಗ್ಗಿಸುತ್ತಿದ್ದೆ. ಬಗ್ಗಿಸುತ್ತಲೇ ಇದ್ದೆ, ಲೋಟ ತುಂಬಿ ಮೇಜಿನ ಮೇಲೆ ಹರಿಯಿತು. ಯಂತ್ರವನ್ನು ಸುಮ್ಮನಿರಿಸಿದವಳು ನಾನೇ ಎಂದು ಮಾತ್ರ ಬಾಯಿ ಬಿಡಲಿಲ್ಲ.

"ಏಳಪ್ಪಾ, ಸಾಕು. ಇನ್ಮೇಲೆ ನಾನೇ ಕೂಗ್ತೀನಿ," ಎಂದಳು ಲೆಂಪಿ. ಅವನು ಎದ್ದ.

ನಾಲ್ಕು ದಿನ ತಡೆದು ಸೋಮವಾರ ಒಡೆಟ್ ಹತ್ತಿರ ಹೋದೆ. ಅವಳು ನಾನು ಬರೆದದ್ದನ್ನು ತೆರೆದು ನೋಡಿದಳು.

"ಅಜ್ಜಿ, ಆ ಕೆಂಪು ಸಾಲು ನಿಮ್ಮನ್ನ ಬೈತಿರ್ಲಿಲ್ಲ. ಎಲ್ಲಿ ಎಡವಿದೆ ಅಂತ ಹೇಳ್ತಿತ್ತು. ಅದರ ಬಾಯಿ ಮುಚ್ಚಿಸಿಬಿಟ್ರಲ್ಲ." ನಾನು ಬರೆದ ಸಾಲನ್ನು ತೆಗೆದಳು. "ಈಗ ಅವರು ಒತ್ತಿದ ಹಾಗೇ ಒತ್ತಿ."

ಕಣ್ಣು ಮುಚ್ಚಿ ರೈನೊನ ಕೈ ನೆನೆದೆ. ಅವನು ರೈಲ್ವೆ ಗುಮಾಸ್ತನಾಗಿದ್ದವನು. ಅವನ ಹಳೇ ಟೈಪ್‌ರೈಟರಿನಲ್ಲಿ ಒಂದಕ್ಕೂ ಸೊನ್ನೆಗೂ ಕೀ ಇರಲಿಲ್ಲ; ಒಂದಕ್ಕೆ ಅದರಂತೆಯೇ ಕಾಣುವ ಇಂಗ್ಲಿಷಿನ ಸಣ್ಣ 'ಎಲ್', ಸೊನ್ನೆಗೆ 'ಓ'. ಅವನ ಬೆರಳು ಇವತ್ತಿಗೂ ಅಲ್ಲಿಗೇ ಹೋಗುತ್ತದೆ. ಹಾಗೇ ಒತ್ತಿದೆ. ಕೆಂಪು ಸಾಲು ಬಂತು. ಅದರ ಕೊನೆಯಲ್ಲಿ ಆ 'ಎಲ್' ಎದ್ದು ಕಾಣುತ್ತಿತ್ತು. ಟೈಪ್‌ರೈಟರಿನ ಕಥೆ ಅವಳಿಗೆ ಹೇಳಿದೆ.

"ಒಂದರ ಕೀನೇ ಇರ್ಲಿಲ್ವಾ?" ಎಂದಳು ಒಡೆಟ್.

ಎರಡು ಸಾಲು ಸೇರಿಸಿದೆವು. ಸಂಖ್ಯೆಗೆ ಬದಲಾಯಿಸುವ ಮುಂಚೆ 'ಎಲ್' ಇದ್ದ ಕಡೆ ಒಂದು, 'ಓ' ಇದ್ದ ಕಡೆ ಸೊನ್ನೆ. ಅದೂ ಆಗದಿದ್ದರೆ "ಮತ್ತೆ ಒತ್ತಿ" ಎಂದು ಗಟ್ಟಿಯಾಗಿ ಹೇಳುವಂತೆ ಮಾಡಿದೆವು. ಕಾಲು ಗಂಟೆಯ ಕೆಲಸ.

ಮಂಗಳವಾರ ರೈನೊನ ಮನೆಯ ತಿರುವಿನವರೆಗೂ ಹೋದೆ. ಗುರುವಾರ ಎಲ್ಲರೆದುರು ಹೇಳಿದರೇ ಚೆಂದ ಎಂದು ನನಗೆ ನಾನೇ ಹೇಳಿಕೊಂಡು ಹಿಂದಿರುಗಿದೆ.

ಗುರುವಾರ ಹೇಳಿದೆ. ನಿಂತುಕೊಂಡು, ಎಲ್ಲರೆದುರು, ತಪ್ಪು ನನ್ನದೆಂದು ಹೇಳಿದೆ. ಸಭಾಂಗಣದಲ್ಲಿ ಯಾರೂ ನಗಲಿಲ್ಲ.

"ಅವತ್ತೇ ಹೇಳೋಕೆ ಏನಾಗಿತ್ತೇ ನಿಂಗೆ?" ಎಂದು ಲೆಂಪಿ ಮೆಲ್ಲಗೆ ಕೇಳಿದಳು.

ಅವಳ ಪಕ್ಕದ ಕುರ್ಚಿ ಖಾಲಿಯಿತ್ತು. ರೈನೊ ಹಿಂದಿನ ದಿನ, ಬುಧವಾರ, ಬೆಳಿಗ್ಗೆ ಎಂಟರ ಬಸ್ಸಿಗೆ ಸಡ್ಬರಿಗೆ ಹೊರಟುಹೋಗಿದ್ದ.