ಮರದ ಮೇಲಿನ ಕೂಗು

"ಕೂಗ್ಲಾ ಬಡ್ಡೀಮಗನೆ! ಬಾಯಲ್ಲೇನು ಗರಟ ತುರುಕ್ಕಂಡಿದ್ದೀಯೇನ್ಲಾ?"

ಮರದ ಬುಡದಲ್ಲಿ ನಿಂತು ಬೈಯುತ್ತಿದ್ದವನು ಕತೀಬ, ನಮ್ಮ ದ್ವೀಪದ ಯಜಮಾನ. ನಾನು ಅರ್ಧ ಮರ ಹತ್ತಿದ್ದೆ. ಕೂಗಿಯೂ ಇದ್ದೆ. ನೆಗಡಿಯಿಂದ ಗಂಟಲು ಕಟ್ಟಿ ಅವನ ಕಿವಿಗೆ ಬಿದ್ದಿರಲಿಲ್ಲ ಅಷ್ಟೆ.

"ಹೋ... ಮರ ಹತ್ತಿದೀನೋ... ಹೋ..." ಎಂದು ಇನ್ನೊಮ್ಮೆ ಕೂಗಿದೆ.

ನಾವು ರಾವೇರಿಗಳು. ತೆಂಗಿನ ಮರದಿಂದ ನೀರಾ ಇಳಿಸಿ, ಕುದಿಸಿ ಜೋನಿಬೆಲ್ಲ ಮಾಡುವ ಜನ. ಊರಿನ ಬಚ್ಚಲುಗಳಿಗೆ ಸೂರಿಲ್ಲ, ಮರದ ತುದಿಯಲ್ಲಿದ್ದವನಿಗೆ ಎಲ್ಲವೂ ಕಾಣುತ್ತದೆ. ಅದಕ್ಕೇ ಮೇಲೆ ಮುಟ್ಟುವ ಮೊದಲು ನಾವು ಕೂಗಬೇಕು. ಕೂಗು ಕೇಳಿದವರು ಮೈ ಮುಚ್ಚಿಕೊಂಡು, ತಲೆ ತಗ್ಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ತಲೆ ಎತ್ತಿ ರಾವೇರಿಯ ಮುಖ ನೋಡುವ ಪದ್ಧತಿ ಇಲ್ಲ. ನಮ್ಮ ಬೆಲ್ಲವನ್ನಂತೂ ಎಲ್ಲರೂ ಬೆರಳು ಚೀಪಿಕೊಂಡು ತಿನ್ನುತ್ತಾರೆ.

ಕತೀಬನ ಪಕ್ಕ ರಾಜಧಾನಿ ಮಾಲೆಯಿಂದ ಬಂದ ಶಿಯಾನಾ ಮೇಡಂ ಇದ್ದಳು. ಕಡಲು ಏರುತ್ತಿದೆ, ದ್ವೀಪಕ್ಕೆ ಗೋಡೆ ಕಟ್ಟಿ ಊರನ್ನೇ ಹೊಸದಾಗಿ ಜೋಡಿಸಬೇಕು ಎಂದು ನಕ್ಷೆ ಬರೆಯುತ್ತಿದ್ದವಳು. ಕೆಟ್ಟವಳಲ್ಲ. ಮೊಬೈಲು ಮೇಲೆತ್ತಿ, "ಎಷ್ಟ್ ಚೆನ್ನಾಗಿದೆ! ಇನ್ನೊಂದ್ಸಲ ಕೂಗ್ತೀರಾ?" ಎಂದಳು.

"ಕೇಳಿಸ್ತೇನ್ಲಾ? ಮೇಡಂಗೆ ಕೂಗು."

ಯಾವ ಬಚ್ಚಲಲ್ಲೂ ಯಾರೂ ಇರಲಿಲ್ಲ. ಆದರೂ ಕೂಗಿದೆ.

ಅವತ್ತು ಶಾಲೆಯಲ್ಲಿ ಸಭೆ. ಮೇಜಿನ ಮೇಲೆ ನಮ್ಮ ದ್ವೀಪವನ್ನು ರಟ್ಟಿನಲ್ಲಿ ಮಾಡಿ ಇಟ್ಟಿದ್ದರು. ಊರಿನವರು ಬೆಂಚಿನ ಮೇಲೆ ಕೂತರು, ನಾವು ನೆಲದ ಮೇಲೆ. ಹಾಗೆ ಕೂರಿ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

"ಏನೇನು ಉಳೀಬೇಕು ಅಂತ ನೀವೇ ಹೇಳಿ. ಅದನ್ನ ಕೇಳ್ಕೊಂಡೇ ಗೋಡೆ ಗೆರೆ ಎಳೀತೀವಿ" ಎಂದಳು ಶಿಯಾನಾ.

ಅಂಗಡಿಯವರು ದೋಣಿಕಟ್ಟೆ ಎಂದರು. ಕತೀಬ ಮಸೀದಿ ಎಂದ. ಅದರ ಬೆನ್ನಿಗೇ ಅವನ ಮನೆ. ಕೊನೆಗೆ ನನ್ನಪ್ಪ ಅಲಿಫುಳು ಗೋಡೆ ಹಿಡಿದು ಎದ್ದ. ಮರ ಹತ್ತಿ ಹತ್ತಿ ಅವನ ಮಂಡಿಗಳು ಹೋಗಿದ್ದವು.

"ನಮ್ ತೋಪಿನ ಮರ ಒಂದ್ನೂ ಕಡೀಬೇಡಿ ತಾಯಿ. ಬೇರೇನೂ ಬ್ಯಾಡ."

ಬೇರೆ ಯಾರಾದರೂ ಮನೆ ಉಳಿಸಿ ಎನ್ನುತ್ತಿದ್ದರು. ರಾವೇರಿಗೆ ಹಾಗೆ ಹೊಳೆಯುವುದೇ ಇಲ್ಲ. ಮರವಿದ್ದರೆ ಮಡಲು ಹೆಣೆದು ಮನೆ ಎಬ್ಬಿಸಬಹುದು, ಮರ ಹೋದರೆ ಅರಮನೆ ಇದ್ದೂ ಏನು ತಿನ್ನುವುದು?

"ಒಂದು ಮರಾನೂ ಮುಟ್ಟಲ್ಲ ಅಜ್ಜ. ಮಾತು ಕೊಟ್ಟೆ" ಎಂದಳು ಶಿಯಾನಾ.

ಪುಣ್ಯಾತ್ಗಿತ್ತಿ, ಕೊಟ್ಟ ಮಾತಿಗೆ ತಪ್ಪಲಿಲ್ಲ. ಗೋಡೆ ಊರನ್ನೆಲ್ಲ ಬಳಸಿ ಬಂದು ನಮ್ಮ ಮೂಲೆಯ ಹತ್ತಿರ ಒಳಕ್ಕೆ ತಿರುಗಿತು. ತೋಪಿನ ಆಚೆ ಕಟ್ಟಿದ್ದರೆ ಪಾಯಕ್ಕೆ ಮರ ಕಡಿಯಬೇಕಾಗುತ್ತಿತ್ತಂತೆ. ಅಲ್ಲದೆ ಅಲೆಯ ಹೊಡೆತ ತಡೆಯಲು ಗೋಡೆಯ ಮುಂದೆ ಮರಗಳಿದ್ದರೆ ಒಳ್ಳೆಯದಂತೆ. ತೋಪೂ ತೋಪಿನೊಳಗಿನ ನಮ್ಮ ಗುಡಿಸಲುಗಳೂ ಹೊರಗೆ ಉಳಿದವು.

ನನ್ನ ಹೆಂಡತಿ ಮರಿಯಂಬು ಕತೀಬನ ಜಗಲಿಯ ಕೆಳಗೆ ನಿಂತು ಕೇಳಿದಳು. "ಅಲೆಗೆ ಜಾಗ ಬಿಟ್ರಿ. ನಮಗೆಲ್ಲಿ ಬಿಟ್ರಿ?"

"ನಿನ್ ಮಾವನೇ ಕೇಳ್ದ, ಕೊಟ್ಟಿದೀವಿ. ಈಗ್ಯಾಕ್ ಬಾಯಿ ಬಡ್ಕೋತೀಯ?"

"ಒಳಗೆ ಮಹಡಿ ಮನೆ ಕಟ್ತಾ ಇದೀರಲ್ಲ, ನಮಗೂ ಕೊಡಿ."

"ಮರ ಹತ್ತೋ ಜಾತಿಗೆ ಮಹಡಿ ಬೇರೆ ಕೇಡು! ಹತ್ತೋಕೆ ಮರ ಐತಲ್ಲ!"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ನಮ್ಮ ಜೊತೆ ಕೆಳಗೆ ಕೂತಿದ್ದ ನನ್ನಪ್ಪನೂ ನಕ್ಕ. ಅವರು ನಕ್ಕಿದ್ದಕ್ಕಿಂತ ಅವನು ನಕ್ಕಿದ್ದಕ್ಕೆ ನನ್ನ ಹೊಟ್ಟೆ ಉರಿಯಿತು.

ಗೋಡೆಯ ತುದಿಯನ್ನು ಹೊರಕ್ಕೆ ಬಾಗಿಸಿದ್ದರು, ಏರಿ ಬಂದ ಅಲೆ ಮಗುಚಿ ಹಿಂದಕ್ಕೆ ಬೀಳಲಿ ಎಂದು. ಹಿಂದಕ್ಕೆ ಎಂದರೆ ನಮ್ಮ ಮೇಲೆ. ಒಂದು ಮಳೆಗಾಲ ಕಳೆಯುವುದರೊಳಗೆ ಅಂಚಿನ ಮರಗಳ ಬೇರು ಹೊರಬಿತ್ತು. ನೀರಾ ತೆಳ್ಳಗಾಯಿತು. ಶಿಯಾನಾಗೆ ಫೋನು ಮಾಡಿದೆ. "ಮುಂದಿನ ಹಂತದಲ್ಲಿ ನೋಡೋಣ" ಎಂದಳು. ಆ ಹಂತ ಬರಲಿಲ್ಲ, ಕಡಲು ಬಂತು.

ಅವತ್ತು ಮೋಡವಿಲ್ಲ, ಗಾಳಿಯಿಲ್ಲ. ಎಲ್ಲೋ ದೂರದಲ್ಲಿ ಎದ್ದ ಬಿರುಗಾಳಿಯ ಅಲೆ ನಮ್ಮಲ್ಲಿಗೆ ಹೀಗೆ ಬಿಸಿಲಲ್ಲೇ ಬರುತ್ತದೆ. ನೀರು ಒಲೆ ಹೊಕ್ಕಿತು, ಗಡಿಗೆಗಳು ತೇಲಿದವು. ಗೋಡೆಗೆ ಇದ್ದ ಒಂದೇ ಬಾಗಿಲಿಗೆ ಒಳಗಿನಿಂದ ಹಲಗೆ ಇಳಿಸಿದ್ದರು. ಮರಿಯಂಬು ಮತ್ತು ಕೇರಿಯವರು ಅದನ್ನು ಬಡಿದರು.

"ತೆಗೀರಪ್ಪೋ! ಮುಳುಗ್ತಾ ಇದೀವಿ!"

"ತೆಗುದ್ರೆ ಊರಿಗೇ ನುಗ್ತದೆ ಕಣಮ್ಮಿ. ಮೇಲಿನ ಆರ್ಡರು" ಎಂದ ಕಾವಲಿನವನು. ಆಮೇಲೆ ಮಸೀದಿಯಿಂದ ಬಾಂಗ್ ಕೇಳಿತು, ಅವನು ನಮಾಜಿಗೆ ಹೋದ.

ಎಂಥ ಮರವನ್ನೂ ಹತ್ತುವ ನಾನು ಆ ಬಾಗಿದ ಗೋಡೆಯನ್ನು ಹತ್ತಲಾರದೆ ಜಾರಿ ಜಾರಿ ಬಿದ್ದೆ. ಅಪ್ಪನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಅವನನ್ನು ಕೈಲಾದಷ್ಟು ಮೇಲಕ್ಕೆತ್ತಿ, ಮರ ಹತ್ತುವ ಹಗ್ಗದಿಂದಲೇ ಮರಕ್ಕೆ ಕಟ್ಟಿದೆ. ಒಳಗಿನವರ ಕಣ್ಣಿಗಾದರೂ ಬೀಳೋಣವೆಂದು ಅದೇ ಮರವನ್ನು ಬರಿಗಾಲಲ್ಲಿ ಹತ್ತತೊಡಗಿದೆ.

"ಕೂಗೋದ್ ಮರೀಬ್ಯಾಡ ಕಣ್ ಮಗಾ" ಎಂದ ಅಪ್ಪ ಕೆಳಗಿನಿಂದ. ನೀರು ಅವನ ಎದೆ ಮುಟ್ಟಿತ್ತು. "ಸ್ನಾನದ್ ಹೊತ್ತು. ಹೆಂಗಸ್ರಿರ್ತಾರೆ."

ತುದಿಯಿಂದ ನೋಡಿದರೆ ಗೋಡೆಯೊಳಗೆ ಒಂದು ತೊಟ್ಟು ನೀರಿಲ್ಲ. ಅಂಗಳಗಳಲ್ಲಿ ಕೋಳಿ ಕೆದಕುತ್ತಿದ್ದವು. ಹೆಂಗಸರು ಮೀನು ತೊಳೆಯುತ್ತಿದ್ದರು. ಕತೀಬ ಬಚ್ಚಲಲ್ಲಿ ಬೆನ್ನಿಗೆ ಸೋಪು ಹಚ್ಚಿಕೊಳ್ಳುತ್ತಿದ್ದ.

"ಬಾಗ್ಲು ತೆಗೀರೋ! ಅಪ್ಪ ಸಾಯ್ತಾವ್ನೆ! ಇಲ್ ನೋಡ್ರೋ!"

ಅವರಿಗೆ ಕೇಳಿಸಿತು. ಅದನ್ನು ನನ್ನ ಕಣ್ಣಾರೆ ಕಂಡೆ. ಒಬ್ಬೊಬ್ಬರೇ ಸೆರಗು ಎಳೆದುಕೊಂಡು, ತಲೆ ತಗ್ಗಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕತೀಬನೂ ಟವೆಲ್ ಸುತ್ತಿಕೊಂಡು ಒಳಗೆ ನಡೆದ. ನಾನು ಕೂಗಿದಷ್ಟೂ ಬಾಗಿಲುಗಳು ಮುಚ್ಚಿದವು. ಅವರ ಅವ್ವಂದಿರನ್ನೆಲ್ಲ ಹಿಡಿದು ಬೈದೆ. ಒಬ್ಬರೂ ತಲೆ ಎತ್ತಲಿಲ್ಲ. ಕೊನೆಗೆ ಊರಲ್ಲಿ ಕೋಳಿಗಳಷ್ಟೇ ಉಳಿದವು.

ನೀರಿಳಿದ ಮೇಲೆ ಹಲಗೆ ಎತ್ತಿದರು. ಮರಿಯಂಬು ಬದುಕಿದ್ದಳು, ಕೈಬೆರಳು ಜಜ್ಜಿಹೋಗಿತ್ತು. ಅಪ್ಪ ಮರಕ್ಕೆ ಕಟ್ಟಿದ ಹಾಗೆಯೇ ಇದ್ದ. ಹಗ್ಗ ನೆಂದು ಬಿಗಿದಿತ್ತು, ಕೊಯ್ದು ಬಿಡಿಸಬೇಕಾಯಿತು.

ಅಪ್ಪನ ಮಣ್ಣಿಗೆ ಬಂದ ಕತೀಬ ನನ್ನ ಭುಜದ ಮೇಲೆ ಕೈಯಿಟ್ಟ. "ಕೂಗು ಕೇಳಿಸ್ತು ಕಣಯ್ಯ. ನೀರಾ ಇಳ್ಸೋಕೆ ಹತ್ತಿದೀಯ ಅನ್ಕಂಡೆ."

ಅವನು ಸುಳ್ಳು ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗೋಡೆ ಊರನ್ನು ಉಳಿಸಿತು ಎಂಬ ಸುದ್ದಿ ಹರಡಿ, ಅದನ್ನು ನೋಡಲು ಬೇರೆ ದ್ವೀಪಗಳಿಂದ ಜನ ಬಂದರು. ಶಿಯಾನಾಳೂ ಬಂದಳು, ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ತೋಪಿನ ಗರಿಗಳೆಲ್ಲ ಹಳದಿಯಾಗಿದ್ದವು. ಗಡಿಗೆಗೆ ಒಂದು ಹನಿಯೂ ಬೀಳುತ್ತಿರಲಿಲ್ಲ.

"ಹತ್ಲಾ ದಾವೂದ, ಬಂದೋರಿಗೆ ತೋರ್ಸು" ಎಂದ ಕತೀಬ.

ಅಪ್ಪನ ಮರವನ್ನೇ ಹತ್ತಿದೆ. ಕೂಗುವ ಎತ್ತರ ಬಂತು. ಬಾಯಿ ಮುಚ್ಚಿಕೊಂಡು ದಾಟಿದೆ.

"ಕೂಗ್ಲಾ!"

ತುದಿಗೆ ಹೋಗಿ ಗರಿಗಳ ನಡುವೆ ಊರಿನ ಕಡೆ ಮುಖ ಮಾಡಿ ಕೂತೆ. ಅವರನ್ನು ನೋಡಬೇಕೆಂದಲ್ಲ, ಅವರು ನನ್ನನ್ನು ನೋಡಲಿ ಎಂದು. ಬಟ್ಟೆ ಒಗೆಯುತ್ತಿದ್ದ ಕತೀಬನ ಹೆಂಡತಿ ತಲೆ ಎತ್ತಿದಳು. ನನ್ನ ಮುಖ ಕಂಡು ಅವಳ ಕೈಲಿದ್ದ ಬಟ್ಟೆ ಜಾರಿತು.

"ಕೂಗ್ಲಾ ಸೂಳೇಮಗನೆ! ಹೆಂಗಸ್ರವ್ರೆ!"

ನಾನು ಕೂಗಲಿಲ್ಲ. ಕತೀಬ ಅತ್ತಿತ್ತ ನೋಡಿದ. ಆಮೇಲೆ ಪಂಚೆ ಎತ್ತಿ ಹಿಡಿದು, ಬಂದವರೆಲ್ಲ ನೋಡುತ್ತಿರುವಾಗಲೇ, ಗೋಡೆಯುದ್ದಕ್ಕೂ ಓಡುತ್ತಾ ತಾನೇ ಕೂಗತೊಡಗಿದ. "ಹೋ... ಮರ ಹತ್ತವ್ನೋ... ಹೋ..."

ಬುಡಕ್ಕೆ ಒಂದು ಅಲೆ ಬಡಿಯಿತು. ಮರ ಅಲುಗಿ ಕಡಲಿನ ಕಡೆಗೆ ಒಂದಿಷ್ಟು ವಾಲಿತು. ನಾನು ಇಳಿಯಲಿಲ್ಲ.