ಹಳದಿ ಚೀಟಿ

ಸೋಮವಾರ ಬೆಳಿಗ್ಗೆ ಬಟ್ಟೆ ಮಡಚುವ ಹೆಂಗಸರ ನೀರಿನ ಡ್ರಮ್ಮನ್ನು ಸ್ಟೂಲಿನ ಮೇಲಿಂದ ಎತ್ತಿಸಿದರು. ಮಂಗಳವಾರ ಅದೇ ಸ್ಟೂಲಿನ ಮೇಲೆ ದಾನದ ಡಬ್ಬ ತಂದು ಇಟ್ಟರು.

ಡಬ್ಬ ಗಾಜಿನದು, ಕೊರಳಿಗೆ ಕೆಂಪು ರಿಬ್ಬನ್ನು. ಹಿಂದಿನ ಗೋಡೆಗೆ ಆಳೆತ್ತರದ ಪೋಸ್ಟರ್. ಅದರಲ್ಲಿ ಯಾರದೋ ಬೊಗಸೆ, ಬೊಗಸೆ ತುಂಬ ತುಳುಕುವ ನೀರು, ಕೆಳಗೆ ದಪ್ಪಕ್ಷರದಲ್ಲಿ ‘ಬಾಯಾರಿದವರಿಗೆ ನಮ್ಮ ಕೈಯಿಂದ’.

ಅದು ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಒಗೆದ ಶೀಟುಗಳು ಒದ್ದೆಯಾಗಿ ಬಿಸಿ ರೋಲರಿನೊಳಗೆ ಹೋಗಿ ಆಚೆ ಕಡೆ ಕಾಗದದ ಹಾಗೆ ಗರಿಗರಿಯಾಗಿ ಬರುತ್ತಿದ್ದವು. ಅಲ್ಲಿ ಇಬ್ಬಿಬ್ಬರು ಹೆಂಗಸರು ನಿಂತು ಹಿಡಿಯಬೇಕು. ಹಿಡಿ, ಜಗ್ಗು, ಎದುರಾಬದುರಾ ನಡೆದು ಬಂದು ಅಂಚಿಗೆ ಅಂಚು ಕೂಡಿಸು, ಮಡಚು, ಇಡು. ಅಷ್ಟರಲ್ಲಿ ಮುಂದಿನದು ಮೂತಿ ತೋರಿಸಿರುತ್ತದೆ. ಕೈ ತಪ್ಪಿದ ಶೀಟು ನೆಲಕ್ಕೆ, ತಪ್ಪಿಸಿದವಳು ಮೇಸ್ತ್ರಿಯ ಬಾಯಿಗೆ.

ಉದ್ದಕೈಯಕ್ಕ ಆ ರೋಲರಿನ ಮುಂದೆ ಹನ್ನೊಂದು ವರ್ಷದಿಂದ ನಿಂತವಳು. ಎಷ್ಟು ಅಗಲದ ಶೀಟಾದರೂ ಅವಳ ಕೈಗೆ ಎಟಕುತ್ತಿತ್ತು, ಹೆಸರು ಅದರಿಂದಲೇ ಬಂತು. ಶೀಟಿನ ಇನ್ನೊಂದು ತುದಿಯಲ್ಲಿ ಅವಳ ಓರಗಿತ್ತಿ. ಮನೆಯಲ್ಲಿ ಇಬ್ಬರೂ ಒಂದೇ ಒಲೆಗಾಗಿ ಕಚ್ಚಾಡುತ್ತಿದ್ದರು. ಇಲ್ಲಿ ಮಾತ್ರ ಒಬ್ಬಳು ಉಸಿರೆಳೆದರೆ ಇನ್ನೊಬ್ಬಳಿಗೆ ಮಡಿಕೆ ಎಲ್ಲಿ ಬೀಳುತ್ತದೆಂದು ತಿಳಿಯುತ್ತಿತ್ತು.

ಶನಿವಾರ ಹೆಡ್ಡಾಫೀಸಿನವರು ‘ನೆರವಿನ ವಾರ’ ನೋಡಲು ಬರುವವರಿದ್ದರು. ಡ್ರಮ್ಮು ಎತ್ತಿಸಿದ್ದು ಅದಕ್ಕೇ.

“ಲೋಟಗಟ್ಲೆ ಕುಡೀತಾರೆ, ನೆಲ ಎಲ್ಲ ರಾಡಿ ಮಾಡ್ತಾರೆ, ಆಮೇಲೆ ಉಚ್ಚೆ ಅಂತ ಓಡ್ತಾರೆ,” ಎಂದಿದ್ದ ಮೇಸ್ತ್ರಿ. “ಇದೇನು ಲಾಂಡ್ರಿನೋ ಎಮ್ಮೆ ಕೊಟ್ಟಿಗೆನೋ? ಬೇಕಾದವ್ರು ಗೇಟಿನ ನಲ್ಲಿಗೆ ಹೋಗಿ. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಸಲ. ನನ್ನ ಕೇಳಿ ಹೋಗ್ಬೇಕು. ಒಳಗೆ ಬಾಟ್ಲಿ ಗೀಟ್ಲಿ ತಂದ್ರೆ ನಾನು ಸುಮ್ನಿರಲ್ಲ.”

ಮಂಗಳವಾರ ಹತ್ತು ಗಂಟೆಯ ಹೊತ್ತಿಗೆ ಓರಗಿತ್ತಿಯ ಕೈ ಅಭ್ಯಾಸದಿಂದ ಸ್ಟೂಲಿನ ಕಡೆ ಹೋಯಿತು. ಕಣ್ಣು ಶೀಟಿನ ಮೇಲಿತ್ತು. ಲೋಟ ಇರಬೇಕಾದ ಕಡೆ ಗಾಜು ಸಿಕ್ಕಿತು. ಡಬ್ಬ ಅಲುಗಾಡಿ ಠಣ್ ಎಂದಿತು.

“ಏ ಮುಂಡೇದೇ! ದಾನದ ಡಬ್ಬಕ್ಕೆ ಕೈ ಹಾಕ್ತೀಯೇನೇ ಕಳ್ಳಿ?”

“ಬಾಯಾರಿದವರಿಗೆ ಅಂತ ಬರೆದಿದೆಯಲ್ಲ ಸಾರ್. ನನ್ನೇ ಕರೀತಿದೆ ಅಂದ್ಕೊಂಡೆ.”

ಹೆಂಗಸರು ಗೊಳ್ಳೆಂದರು. ಮೇಸ್ತ್ರಿಯ ಮುಖ ಕೆಂಪಾಯಿತು. “ಬಾಯಿ ಹೆಚ್ಚಾಯ್ತು. ಇವತ್ತು ನಿನಗೆ ಒಂದು ಸಲಾನೂ ಇಲ್ಲ. ಹೆಂಗೆ ನಗ್ತೀಯೋ ನೋಡೋಣ.”

ಎರಡು ಗಂಟೆಯ ಹೊತ್ತಿಗೆ ಅವಳ ತುಟಿ ಹಲ್ಲಿಗೆ ಅಂಟತೊಡಗಿತು. ಶೀಟು ಹಿಡಿದು ಎದುರು ಬಂದಾಗ ಉದ್ದಕೈಯಕ್ಕ ನೋಡಿದಳು: ಕಣ್ಣಗುಡ್ಡೆ ಮೇಲೆ ಹೋಗುತ್ತಿದೆ, ಕಾಲು ಮಾತ್ರ ತಾನಾಗಿ ನಡೆಯುತ್ತಿದೆ. ತನ್ನ ಪಾಲಿನ ಒಂದು ಸಲವನ್ನು ಕೇಳಿ ಗೇಟಿಗೆ ಓಡಿದಳು. ಪಾತ್ರೆ ತರುವಂತಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದ ದಿಂಬಿನ ಕವರನ್ನು ನಲ್ಲಿಗೆ ಹಿಡಿದು, ನೆನೆಸಿ, ಮುದ್ದೆ ಮಾಡಿ ಸೀರೆಯೊಳಗೆ ಇಟ್ಟುಕೊಂಡು ಬಂದಳು. ಓರಗಿತ್ತಿ ರೋಲರಿನ ಮರೆಯಲ್ಲಿ ಕುಕ್ಕರಿಸಿ, ಅದರ ಮೂಲೆಯನ್ನು ಬಾಯಿಗಿಟ್ಟು ಕರು ಚೀಪಿದಂತೆ ಚೀಪಿದಳು.

“ಸೋಪಿನ ವಾಸನೆ ಕಣೆ,” ಎಂದಳು, ಎದ್ದು ಶೀಟು ಹಿಡಿಯುತ್ತ. “ಯಾವ ಹೋಟ್ಲಿಂದೋ ಏನೋ. ಒಳ್ಳೇ ಹೋಟ್ಲು ಇರ್ಬೇಕು.”

ಬುಧವಾರ ಉದ್ದಕೈಯಕ್ಕನಿಗೆ ಆಫೀಸಿನಿಂದ ಕರೆ ಬಂತು. ನೆರವಿನ ವಾರದ ಉಸ್ತುವಾರಿ ಹೊತ್ತ ಮೇಡಂ ತಣ್ಣನೆಯ ಕೋಣೆಯಲ್ಲಿ ಕೂತಿದ್ದರು. ಹೆಂಗಸರು ಬೆನ್ನ ಹಿಂದೆ ಅವರನ್ನು ದಾನದ ಮೇಡಂ ಎನ್ನುತ್ತಿದ್ದರು. ಮೇಜಿನ ಮೇಲೆ ನಾಲ್ಕು ನೀರಿನ ಬಾಟಲಿ. ಒಂದರಿಂದ ಎರಡು ಗುಟುಕು ಕುಡಿದು ಮುಚ್ಚಿಟ್ಟಿದ್ದರು.

“ಕೂತ್ಕೋಮ್ಮ. ಮಡಚೋ ಹಾಲಿನಲ್ಲಿ ನಿನ್ನ ಮಾತು ಎಲ್ಲರೂ ಕೇಳ್ತಾರಂತೆ?”

“ನನ್ನ ಓರಗಿತ್ತಿ ಒಬ್ಬಳನ್ನ ಬಿಟ್ಟು ಮೇಡಂ.”

ಮೇಡಂ ನಕ್ಕು ಎರಡು ಕಟ್ಟು ಕಾಗದ ಮುಂದಿಟ್ಟರು. “ಈ ಹಳದಿ ಫಾರಂ ಕೊಡುವವರದು. ಬರೋ ಭಾನುವಾರ ಎಲ್ಲರೂ ಪುಕ್ಕಟೆ ಕೆಲಸ ಮಾಡ್ತೀವಿ ಅಂತ. ಆ ದಿನದ ದುಡಿಮೆ ಈ ಊರಿನ ಬಡವರ ನೀರು, ಊಟ, ಹೊದಿಕೆಗೆ ಹೋಗುತ್ತೆ. ಈ ಹಸಿರು ಪಡೆಯುವವರದು. ನಿಮಗೆ ತೀರಾ ಹತ್ತಿರದಿಂದ ಗೊತ್ತಿರೋ ಒಂದು ಕಷ್ಟದ ಕುಟುಂಬದ ಹೆಸರು ಬರೆದು, ಅವರಿಗೇನು ಬೇಕೋ ಅದಕ್ಕೆ ಗುರುತು ಹಾಕೋದು. ಎಲ್ಲಾ ಸ್ವಂತ ಇಚ್ಛೆ, ಬಲವಂತ ಏನಿಲ್ಲ. ಆದರೆ ನಲವತ್ತಕ್ಕೆ ನಲವತ್ತೂ ಬರಬೇಕು.”

“ಮೇಡಂ, ಆ ನೀರಿನ ಡ್ರಮ್ಮು...”

“ಅದು ಬೇರೆ ವಿಷಯ. ಅದನ್ನ ತಂದು ಇದಕ್ಕೆ ಬೆರೆಸಬೇಡ, ಇದು ಒಳ್ಳೇ ಕೆಲಸ.” ಮೇಡಂ ಮುಂದಕ್ಕೆ ಬಾಗಿದರು. “ಬಟ್ಟೆಗೆ ಚೀಟಿ ಚುಚ್ಚೋ ಟ್ಯಾಗ್ ರೂಮಿನಲ್ಲಿ ಒಂದು ಜಾಗ ಖಾಲಿ ಇದೆ. ಕುರ್ಚಿ ಮೇಲೆ ಕೂತು ಮಾಡೋ ಕೆಲಸ. ನಿನ್ನ ಹೆಸರು ನಾನೇ ಹೇಳ್ತೀನಿ. ಶನಿವಾರ ಚೆನ್ನಾಗಿ ಆಗಲಿ.”

ಕುರ್ಚಿ ಎಂದೊಡನೆ ಉದ್ದಕೈಯಕ್ಕನ ಮಂಡಿ ತಾನೇ ಕಿವಿಗೊಟ್ಟಿತು. ಅವಳ ಮೀನಖಂಡದಲ್ಲಿ ನರಗಳು ಹಗ್ಗ ಗಂಟು ಹಾಕಿದಂತೆ ಎದ್ದಿದ್ದವು. ಸಂಜೆ ಮನೆ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದಳು. ಮೇಡಂ ಅವಳ ಎದೆಗೆ ಒಂದು ಬಿಲ್ಲೆ ಪಿನ್ನು ಮಾಡಿದರು. ‘ನೆರವಿನ ಗೆಳತಿ’ ಎಂದು ಅದರಲ್ಲಿತ್ತು.

ಗುರುವಾರ ಊಟದ ಬಿಡುವಿನಲ್ಲಿ ಅವಳು ಫಾರಂ ಹಂಚುವಾಗ ಓರಗಿತ್ತಿ ಡಬ್ಬಿಯ ಮುಚ್ಚಳ ತೆಗೆಯುತ್ತ ಬಿಲ್ಲೆಯನ್ನೇ ನೋಡಿದಳು.

“ಏನಕ್ಕಾ, ಕುರ್ಚಿ ಸಿಗುತ್ತಂತೆ? ಕೂತ ಮೇಲೆ ನಮ್ಮನ್ನ ಗುರುತು ಹಿಡೀತೀಯೋ ಇಲ್ವೋ?”

“ನನ್ನ ಕಾಲು ನೋಡಿದ್ದೀಯೇನೇ ನೀನು?”

“ದಿನಾ ಅದಕ್ಕೆ ಎಣ್ಣೆ ತಿಕ್ಕೋಳು ನಾನೇ ತಾನೇ? ಕೂತ್ಕೋ ಮಾರಾಯ್ತಿ, ಕೂತ್ಕೋ. ನನ್ನ ಎದುರು ಯಾವಳೋ ಮೋಟುಕೈಯವಳು ಬರ್ತಾಳೆ, ಶೀಟಿನ ಜೊತೆ ನಾನೂ ನೆಲಕ್ಕೆ ಬೀಳ್ತೀನಿ, ಅಷ್ಟೇ ತಾನೇ.”

ಮೇಸ್ತ್ರಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. “ಹಳದಿ ಮೊದ್ಲು! ಹೆಸರು, ಕೆಳಗೆ ಸಹಿ. ಸ್ವಂತ ಇಚ್ಛೆ ಅನ್ನೋ ಕಡೆ ಗುರುತು ಹಾಕಿ. ಹಾಕದೇ ಇರೋಳು ಯಾರು ಅಂತ ನಾನೂ ನೋಡ್ತೀನಿ.” ನಲವತ್ತೂ ಹಳದಿಗೆ ಸಹಿ, ಹೆಬ್ಬೆಟ್ಟು ಬಿದ್ದವು. ಅವನು ಬೀಡಿ ಸೇದಲು ಹೊರಗೆ ಹೋದ. ಹಸಿರನ್ನು ನೋಡಲು ಯಾರೂ ನಿಲ್ಲಲಿಲ್ಲ.

ಉದ್ದಕೈಯಕ್ಕ ಗಟ್ಟಿಯಾಗಿ ಓದಿದಳು: “ತೀರಾ ಹತ್ತಿರದಿಂದ ಗೊತ್ತಿರುವ ಕಷ್ಟದ ಕುಟುಂಬ.”

“ತೀರಾ ಹತ್ತಿರ ಅಂದ್ರೆ ಎಷ್ಟು ಹತ್ತಿರ?” ಯಾರೋ ಕೇಳಿದರು.

“ಚರ್ಮಕ್ಕೆ ಅಂಟಿಕೊಂಡಿರೋಷ್ಟು,” ಎಂದಳು ಓರಗಿತ್ತಿ. ತನ್ನ ಮನೆಯ ಹೆಸರನ್ನೇ ಬರೆದಳು. ‘ನೀರು’ ಎಂಬಲ್ಲಿ ಕಾಗದ ತೂತಾಗುವಂತೆ ಗೆರೆ ಎಳೆದಳು.

ಪೆನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು.

ಮೂಲೆಯಿಂದ ಚಿಂದಿ ಅಜ್ಜಿ ಮೂಟೆ ಎಳೆದುಕೊಂಡು ಬಂದಳು. ಆ ಹಾಲಿನಲ್ಲಿ ಎಲ್ಲಕ್ಕೂ ಬಣ್ಣದ ಚೀಟಿಯೇ ಗುರುತು. ಹಸಿರು ಚೀಟಿ ಚುಚ್ಚಿದ ಶೀಟು ಸರಿಯಿದೆ, ಲಾರಿಗೆ ಹೋಗಬೇಕು. ಹಳದಿ ಚೀಟಿ ಚುಚ್ಚಿದ್ದು ಹರಿದದ್ದು, ಕಲೆ ಬಿದ್ದದ್ದು, ಚಿಂದಿ ಮೂಟೆಗೆ. ಓದು ಬಾರದ ಅಜ್ಜಿ ಇಪ್ಪತ್ತು ವರ್ಷದಿಂದ ಹಳದಿ ಕಂಡಲ್ಲಿ ಕೈ ಹಾಕಿ ಮೂಟೆಗೆ ತುಂಬುತ್ತಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

“ನಂದೂ ಬರಿಯೇ ಮಗಳೇ.”

“ಏನು ಬೇಕು ಅಂತ ಹಾಕ್ಲಿ ಅಜ್ಜಿ?”

“ನೀರು. ಆಮೇಲೆ ಕೂತು ಕುಡಿಯೋಕೆ ಒಂದು ಗಳಿಗೆ ಪುರುಸೊತ್ತು. ಅದು ಉಂಟಾ ಅದರಲ್ಲಿ?”

“ಇಲ್ಲ ಅಜ್ಜಿ.”

“ಹಂಗಾದ್ರೆ ನೀರೊಂದೇ ಹಾಕು.”

ಉದ್ದಕೈಯಕ್ಕ ತನ್ನದನ್ನು ಕೊನೆಗೆ ಬರೆದಳು. ಓರಗಿತ್ತಿ ಬರೆದ ಮನೆಯನ್ನೇ ಅವಳೂ ಬರೆದಳು. ಇದ್ದದ್ದು ಒಂದೇ ಮನೆ. ಹಸಿರನ್ನೆಲ್ಲ ಡಬ್ಬಕ್ಕೆ ತುರುಕಿದಳು. ಹಳದಿ ಕಟ್ಟು ಮಡಚುವ ಮೇಜಿನ ಮೇಲಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಎಲ್ಲರೂ ರೋಲರಿಗೆ ಓಡಿದರು. ಅಜ್ಜಿ ಮೇಜಿನ ಮೇಲೆ ಹಳದಿ ಕಂಡಳು, ಬಾಚಿ ಮೂಟೆಗೆ ಹಾಕಿದಳು. ನಾಲ್ಕು ಗಂಟೆಗೆ ಚಿಂದಿ ಗಾಡಿ ಹೊರಟುಹೋಯಿತು.

ಶುಕ್ರವಾರ ದಾನದ ಮೇಡಂ ಹಾಲಿನಲ್ಲೇ ಡಬ್ಬ ಬಿಚ್ಚಿದರು. ಒಂದು ಹಸಿರು ತೆಗೆದರು. ಇನ್ನೊಂದು. ಆಮೇಲೆ ಬೇಗಬೇಗ ಹತ್ತಿಪ್ಪತ್ತು.

“ಹಳದಿ ಎಲ್ಲಿ?”

“ಹಳದಿನಾ? ಹರಿದದ್ದು ಅಲ್ವಾ ಅವ್ವ ಅದು?” ಎಂದಳು ಅಜ್ಜಿ. “ಮೂಟೆಗೆ ಹಾಕ್ದೆ. ನಿನ್ನೆನೇ ಗಾಡಿ ಹೋಯ್ತಲ್ಲ.”

ಮೇಸ್ತ್ರಿ ಅಜ್ಜಿಯ ಮೂಟೆಯನ್ನು ಎತ್ತಿದ, ಅವಳ ತಲೆಯ ಮೇಲೆ ಕವುಚಿದ. ರಕ್ತದ ಕಲೆಯ ಆಸ್ಪತ್ರೆ ಬಟ್ಟೆ, ಎಳೆಬಿಟ್ಟ ಟವಲು, ನಾರಿನ ಉಂಡೆ ಎಲ್ಲ ಸುರಿದವು. ಅಜ್ಜಿ ಅವುಗಳ ನಡುವೆ ಮೊಳಕಾಲವರೆಗೆ ಹೂತು ನಿಂತಳು. ಆಮೇಲಷ್ಟೇ ಅವನ ಬಾಯಿ ತೆರೆಯಿತು. “ಮುದಿ ಗೂಬೆ! ಹುಡುಕು. ಸಂಜೆ ತನಕ ಹುಡುಕು.”

“ಗಾಡಿ ಹೋಯ್ತಲ್ಲ ಸ್ವಾಮಿ,” ಎಂದು ಅಜ್ಜಿ ಮತ್ತೆ ಹೇಳಿದಳು. ತಲೆಯಿಂದ ಒಂದು ದಾರ ತೆಗೆದು ಬೆರಳಿಗೆ ಸುತ್ತಿಕೊಂಡಳು.

ಮೇಡಂ ಅತ್ತ ನೋಡಲಿಲ್ಲ. ಉದ್ದಕೈಯಕ್ಕನನ್ನು ಪಕ್ಕಕ್ಕೆ ಕರೆದರು. “ಇದೇನು ತಮಾಷೆ? ನಲವತ್ತೂ ನಿಮ್ಮದೇ ಹೆಸರು! ಕೊಡುವವರೇ ಪಡೆಯುವವರಾದ್ರೆ ಹೆಂಗೆ?”

“ಹೆಸರು ಸುಳ್ಳಲ್ಲ ಮೇಡಂ.”

“ಸುಳ್ಳು ಅಂತ ಯಾರಂದ್ರು? ಚೆನ್ನಾಗಿರಲ್ಲ ಅಂದೆ. ನಾಳೆ ಹೊಸ ಹಳದಿ ಕಟ್ಟು ಕೊಡ್ತೀನಿ. ಅತಿಥಿಗಳ ಎದುರು ನೀನು ಓದಿ ಹೇಳು, ಒಬ್ಬೊಬ್ಬರೇ ಬಂದು ಸಹಿ ಹಾಕಿ ಡಬ್ಬಕ್ಕೆ ಹಾಕಲಿ. ಫೋಟೋನೂ ಚೆನ್ನಾಗಿ ಬರುತ್ತೆ. ಈ ಹಸಿರನ್ನ ನಾನು ನೋಡೇ ಇಲ್ಲ.” ಕಟ್ಟನ್ನು ಅವಳ ಕೈಗೆ ತುರುಕಿದರು. “ಹರಿದು ಬಿಸಾಕು. ಕುರ್ಚಿ ನಾಳೆ ಸಂಜೆಯಿಂದಲೇ ನಿಂದು.”

ಆ ಸಂಜೆ ಓರಗಿತ್ತಿ ಅವಳ ಕಾಲಿಗೆ ಎಣ್ಣೆ ತಿಕ್ಕುವಾಗ ಜಗಳ ತೆಗೆಯಲಿಲ್ಲ. ಅದೇ ಉದ್ದಕೈಯಕ್ಕನಿಗೆ ತಡೆಯದಾಯಿತು.

“ಏನಾದ್ರೂ ಬೈಯೇ.”

“ಏನಂತ ಬೈಲಿ? ನೀನು ಕೂತ್ರೆ ನಂಗೆ ಹೊಟ್ಟೆಕಿಚ್ಚಿಲ್ಲ.” ಗಂಟು ನರದ ಮೇಲೆ ಬೆರಳು ಮೆಲ್ಲಗೆ ಹರಿಯಿತು. “ಅಜ್ಜಿ ಮನೆಗೆ ಹೋಗೋವಾಗ ಕಿವಿಯೊಳಗೆ ಇನ್ನೂ ನಾರಿತ್ತು, ನೋಡಿದ್ಯಾ?”

ಶನಿವಾರ ಹನ್ನೊಂದಕ್ಕೆ ಅತಿಥಿಗಳು ಬಂದರು. ಹೊಳೆಯುವ ಬೂಟುಗಳು, ಕೊರಳಲ್ಲಿ ಗುರುತಿನ ಚೀಟಿ. ಕೆಲಸ ನಡೆಯುತ್ತಿರುವುದನ್ನೇ ನೋಡಬೇಕೆಂದರು. ಹಾಗಾಗಿ ರೋಲರು ನಿಲ್ಲಿಸಲಿಲ್ಲ. ಓರಗಿತ್ತಿಯರ ಬದಲಿಗೆ ಇನ್ನೊಂದು ಜೋಡಿ ಶೀಟು ಹಿಡಿಯುತ್ತಿತ್ತು. ಉದ್ದಕೈಯಕ್ಕನನ್ನು ಸ್ಟೂಲಿನ ಪಕ್ಕ ನಿಲ್ಲಿಸಿ, ಒಂದು ಕೈಗೆ ಮೈಕು, ಇನ್ನೊಂದಕ್ಕೆ ಹೊಸ ಹಳದಿ ಕಟ್ಟು ಕೊಟ್ಟರು. ಹಸಿರು ಕಟ್ಟು ಅವಳ ರವಿಕೆಯೊಳಗಿತ್ತು, ನಿನ್ನೆಯ ಬೆವರಿಗೆ ಮೈಗೇ ಅಂಟಿಕೊಂಡಿತ್ತು.

“ಓದಮ್ಮ,” ಎಂದರು ದಾನದ ಮೇಡಂ, ನಗುತ್ತಲೇ, ಹಲ್ಲಿನ ಸಂದಿಯಿಂದ.

ಉದ್ದಕೈಯಕ್ಕ ಮೈಕನ್ನು ಬಾಯಿಯ ಹತ್ತಿರ ತಂದಳು. ಗಂಟಲು ಕೆರಕೆರ ಎಂದಿತು.

“ನೀರಿಲ್ಲದೆ ಗಂಟಲು ಕಟ್ಟಿದೆ,” ಎಂದಳು. ಹಾಲಿನ ತುಂಬ ಆ ಮಾತು ಎರಡೆರಡು ಸಲ ಕೇಳಿಸಿತು. “ಇದೇ ಸ್ಟೂಲಿನ ಮೇಲೆ ನಮ್ಮ ನೀರಿತ್ತು. ಸೋಮವಾರ ಎತ್ತಿಸಿದ್ರು. ಯಾರಿಗೆ ನೀರು ಬೇಕು ಅಂತ ಕೇಳಿದ್ರು, ಬರೆದುಕೊಟ್ಟಿದ್ದೀವಿ.” ಹಸಿರು ಕಟ್ಟನ್ನು ಹೊರಗೆಳೆದು ಎದುರಿಗಿದ್ದ ಅತಿಥಿಯ ಕೈಗಿಟ್ಟಳು. ಬೆವರಿಗೆ ನೆನೆದ ಕಾಗದವನ್ನು ಅವರು ಎರಡು ಬೆರಳಲ್ಲಿ ಹಿಡಿದುಕೊಂಡರು.

ಆಮೇಲೆ ಎದೆಯ ಬಿಲ್ಲೆ ಬಿಚ್ಚಿದಳು. ಬಿಲ್ಲೆ ಕೆಳಗೆ ಬಿತ್ತು, ಪಿನ್ನು ಕೈಯಲ್ಲುಳಿಯಿತು. ಕಟ್ಟಿನಿಂದ ಒಂದು ಹಳದಿ ಫಾರಂ ಎಳೆದು ಡಬ್ಬದ ಕೊರಳಿನ ಕೆಂಪು ರಿಬ್ಬನ್ನಿಗೆ ಚುಚ್ಚಿದಳು.

“ಅಜ್ಜೀ,” ಎಂದಳು. “ಹಳದಿ.”

ಅಜ್ಜಿ ಮೂಟೆ ಎಳೆದುಕೊಂಡು ಬಂದಳು. ಬೂಟುಗಳು ಅತ್ತಿತ್ತ ಸರಿದು ದಾರಿ ಬಿಟ್ಟವು. ಡಬ್ಬವನ್ನು ತಬ್ಬಿ ಎತ್ತಿ, ಚಿಂದಿಯ ನಡುವೆ ಮೆತ್ತಗೆ ಇಳಿಸಿದಳು.

“ಏ ಮುದುಕೀ! ಇಡೇ ಅಲ್ಲೇ!” ಎಂದ ಮೇಸ್ತ್ರಿ.

“ಹಳದಿ ಇದೆಯಲ್ಲ ಸ್ವಾಮಿ,” ಎಂದಳು ಅಜ್ಜಿ, ಕೂಸಿಗೆ ಹೇಳಿದಂತೆ. “ಇದು ಹರಿದದ್ದು.” ಮೂಟೆಯ ಬಾಯಿ ತಿರುಚಿ, ಬಾಗಿಲ ಕಡೆ ಎಳೆಯತೊಡಗಿದಳು.

ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು. ಶೀಟು ಹಿಡಿಯಬೇಕಾದ ಜೋಡಿಯೂ ನೋಡುತ್ತ ನಿಂತಿತ್ತು. ರೋಲರು ಯಾರ ಮುಖವನ್ನೂ ನೋಡದು. ಬಿಸಿ ಬಿಳಿ ಶೀಟೊಂದು ಹೊರಬಂದು ನೆಲಕ್ಕಿಳಿಯಿತು. ಅದರ ಹಿಂದೆ ಇನ್ನೊಂದು. ಮಡಿಕೆ ಮಡಿಕೆಯಾಗಿ ಬೂಟುಗಳ ಕಡೆ ಸರಿದುಬಂತು.

“ಹಿಡೀರೇ ಬೋಳಿಮಕ್ಳಾ! ಶೀಟು ಹಿಡೀರಿ!” ಮೇಸ್ತ್ರಿ ಕಿರುಚಿದ. ಉದ್ದಕೈಯಕ್ಕನ ತೋಳು ಹಿಡಿದು ರೋಲರಿನ ಕಡೆ ನೂಕಿದ. “ಹಿಡಿಯೇ ನೀನು!”

ಅವಳು ಹನ್ನೊಂದು ವರ್ಷ ನಿಂತ ಜಾಗಕ್ಕೇ ಹೋಗಿ ನಿಂತಳು. ಎದುರು ತುದಿಗೆ ಓರಗಿತ್ತಿ ತಾನಾಗಿ ಬಂದು ನಿಂತಳು. ಶೀಟು ಇಬ್ಬರ ನಡುವೆ ಬಂತು, ಬೆರಳಿಗೆ ಬಿಸಿ ತಾಗುವಷ್ಟು ಹತ್ತಿರ. ಇಬ್ಬರೂ ಒಟ್ಟಿಗೇ ಉಸಿರೆಳೆದರು, ಒಟ್ಟಿಗೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಉದ್ದಕೈಯಕ್ಕ ಖಾಲಿ ಸ್ಟೂಲಿನ ಕಡೆ ಗದ್ದ ತೋರಿಸಿದಳು.

“ಡ್ರಮ್ಮು ಅಲ್ಲಿಗೆ ಬರ್ಲಿ. ಅಲ್ಲೀತನಕ ಹಿಡಿಯಲ್ಲ.”